ದಡ ಕುಸಿದಾಗ ಸಿಕ್ಕ ಮಡಕೆ

ಮಡಕೆಯ ಬಾಯಿ ಕಂಡದ್ದೇ ತಡ, ಬೋರಕ್ಕನ ಬೈಗುಳ ಅರ್ಧಕ್ಕೇ ನಿಂತಿತು. ಹೊಳೆಯತ್ತ ಇಳಿದ ಎಮ್ಮೆಯನ್ನು ಬಾಯಿಗೆ ಬಂದಂತೆ ಬೈಯುತ್ತಾ ಹಿಂದೆ ಹಿಂದೆ ಬಂದವಳು, ಕೈಯಲ್ಲಿದ್ದ ಕೋಲನ್ನು ಅಲ್ಲೇ ಬಿಟ್ಟು ಕೆಸರಿನಲ್ಲಿ ಕುಸಿದು ಕುಳಿತಳು. ನೆರೆ ಕಡಿದು ನಿಲ್ಲಿಸಿದ್ದ ದಡದ ಗೋಡೆಯಲ್ಲಿ, ಅವಳ ಸೊಂಟದ ಎತ್ತರಕ್ಕೆ, ಒಂದು ಮಣ್ಣಿನ ಮಡಕೆ ಅರ್ಧ ಹೊರಗೆ ಚಾಚಿಕೊಂಡಿತ್ತು. ಅದರ ಬಾಯಿಗೆ ಇನ್ನೊಂದು ಸಣ್ಣ ಮಡಕೆಯನ್ನು ಬೋರಲು ಹಾಕಿ ಮುಚ್ಚಿದ್ದರು.

"ನಿಂಗೀ" ಎಂದಳು ಬೋರಕ್ಕ. ಆ ಹೆಸರು ಅವಳ ಬಾಯಿಂದ ಹೊರಬಿದ್ದು ನಲವತ್ತು ವರ್ಷದ ಹತ್ತಿರವಾಗಿತ್ತು.

ಮಡಕೆ ಕಂಡದ್ದು ಮಾರಿಕಣಿವೆ ಕೋಡಿ ಬಿದ್ದ ವರ್ಷ. ವಾಣಿವಿಲಾಸ ಸಾಗರ ಎಂಬ ದೊಡ್ಡ ಹೆಸರು ಸರ್ಕಾರದ್ದು. ಹಿರಿಯೂರು ಸೀಮೆಯವರಿಗೆ ಅದು ಯಾವತ್ತಿಗೂ ಮಾರಿಕಣಿವೆಯೇ. ಅದು ತುಂಬಿ ಹರಿದದ್ದನ್ನು ನೋಡಿದ್ದೇನೆ ಎನ್ನುವವರು ಹೊಂಗೇಹಟ್ಟಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಅಣೆಕಟ್ಟಿನ ಕೆಳಗಿನ ವೇದಾವತಿ ಹೆಸರಿಗಷ್ಟೇ ಹೊಳೆ. ಹುಡುಗರು ಅದರ ಮರಳಲ್ಲಿ ಕ್ರಿಕೆಟ್ ಆಡುತ್ತಿದ್ದರು, ಹೆಂಗಸರು ಸೌದೆಗೆ ಜಾಲಿ ಕಡಿಯುತ್ತಿದ್ದರು, ಸ್ವಲ್ಪ ಬುದ್ಧಿವಂತರೆನಿಸಿಕೊಂಡವರು ಬೇಲಿಯನ್ನು ಪಾತ್ರದೊಳಕ್ಕೇ ಸರಿಸಿ ತೆಂಗು ಹಾಕಿದ್ದರು. ಹೊಳೆ ಸತ್ತೇ ಹೋಗಿದೆ ಎಂದು ಊರಿಗೆ ಊರೇ ನಂಬಿತ್ತು. ಹಾಗೆ ನಂಬಿ ಕುಳಿತವರ ಕಣ್ಣೆದುರೇ ಕೆಂಪು ನೀರು ಬಂತು. ಬೇಲಿ ಹೋಯಿತು, ತೆಂಗು ಹೋಯಿತು, ರಂಗೇಶನ ಪಂಪ್‌ಸೆಟ್ ಮನೆ ಹೋಯಿತು. ಊರಿಗೆ ಹೆಸರು ಕೊಟ್ಟಿದ್ದ ಹೊಂಗೆ ಮರ ಬೇರು ಸಮೇತ ಎದ್ದು, ಮೈ ಹೊರಳಿಸುತ್ತಾ ತೇಲಿಹೋಯಿತು. ಅದರ ಜೊತೆ ದಡದ ದೊಡ್ಡ ತುಂಡೊಂದು ಕಳಚಿ ಬಿತ್ತು. ನೀರು ಇಳಿದ ಮೇಲೆ ನೋಡಿದರೆ, ಮೊದಲು ಇಳಿಜಾರಾಗಿದ್ದ ದಡ ಎರಡಾಳೆತ್ತರದ ಗೋಡೆಯಾಗಿ ನಿಂತಿತ್ತು.

ಆ ಹೊಂಗೆ ಮರದ ಬುಡದಲ್ಲೇ ಬೋರಕ್ಕನ ಮೊದಲ ಮಗಳನ್ನು ಹೂತದ್ದು. ಹಲ್ಲು ಮೂಡುವ ಮೊದಲೇ ತೀರಿಕೊಂಡ ಕೂಸನ್ನು ಆ ಮನೆತನದವರು ಸುಡುಗಾಡಿಗೆ ಒಯ್ಯುವುದಿಲ್ಲ. ಹೊಸ ಮಡಕೆಯಲ್ಲಿ ಹಳೆ ಸೀರೆಯ ತುಂಡು ಹಾಸಿ, ಕೂಸನ್ನು ಮಡಿಸಿ ಮಲಗಿಸಿ, ಬಾಯಿಗೆ ಇನ್ನೊಂದು ಮಡಕೆ ಮುಚ್ಚಿ ಹೊಳೆದಂಡೆಯಲ್ಲಿ ಹೂಳುತ್ತಾರೆ. ಹೆತ್ತವಳು ಜೊತೆಗೆ ಹೋಗುವಂತಿಲ್ಲ. ಹೂತ ಜಾಗ ಯಾವುದೆಂದು ಅವಳಿಗೆ ತೋರಿಸುವಂತೆಯೂ ಇಲ್ಲ. ತೋರಿಸಿದರೆ ಹೆಣ್ಣು ಅಲ್ಲಿಂದ ಎದ್ದು ಬರುವುದಿಲ್ಲ ಎಂದು ಹಿರಿಯರಿಗೆ ಗೊತ್ತಿತ್ತು ಅಂತ ಕಾಣುತ್ತದೆ. ಜ್ವರ ಬಂದು ಎರಡು ದಿನಕ್ಕೆ ತಣ್ಣಗಾದ ಆರು ತಿಂಗಳ ನಿಂಗಿಯನ್ನು ಗಂಡ ಮೂರ್ತಪ್ಪ, ಮೈದುನ ಕಾಟಯ್ಯ ಇಬ್ಬರೇ ಒಯ್ದರು. ಬಂದ ಮೇಲೆ ಬೋರಕ್ಕ ಕೇಳಿದಳು, ಕಾಲು ಹಿಡಿದಳು, ಅನ್ನ ಬಿಟ್ಟಳು. ಮೂರ್ತಪ್ಪ "ಹೊಂಗೆ ಮರದ ತಾವ" ಎಂದನೇ ಹೊರತು ಮರದ ಯಾವ ಮಗ್ಗುಲು ಎಂದು ಸಾಯುವ ತನಕ ಬಾಯಿ ಬಿಡಲಿಲ್ಲ.

ಅದೊಂದು ಮುಳ್ಳು ಇಬ್ಬರ ನಡುವೆ ಕಡೆಯವರೆಗೂ ಉಳಿಯಿತು. ಬದುಕು ಮಾತ್ರ ಜೊತೆಗೇ ಸಾಗಿತು, ಅದೂ ಗುಣಿಯೊಳಗೆ. ಗಂಡ ಹೆಂಡತಿ ಇಬ್ಬರೂ ತೆಂಗಿನ ಸಸಿಗೆ ಗುಣಿ ತೆಗೆಯುವ ಗುತ್ತಿಗೆ ಹಿಡಿಯುತ್ತಿದ್ದರು. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಹಿರಿಯೂರಿನ ಸುತ್ತ ಇವತ್ತು ತಲೆ ತೂಗುವ ತೆಂಗಿನ ತೋಟಗಳಲ್ಲಿ ಅರ್ಧಕ್ಕರ್ಧ ಇವರಿಬ್ಬರ ಹಾರೆಯ ಕೆಳಗೆ ಹುಟ್ಟಿದವು ಎಂದರೆ ಬೋರಕ್ಕನೂ ಇಲ್ಲವೆನ್ನುವುದಿಲ್ಲ. ಅವಳ ಬಾಯಿಯೂ ಹಾರೆಯಷ್ಟೇ ಚೂಪು. ಹೊಸದುರ್ಗದಲ್ಲಿ ಒಬ್ಬ ತೋಟದ ಯಜಮಾನ "ಗುಣಿ ಒಂದು ಗೇಣು ಕಮ್ಮಿ ಐತೆ" ಎಂದಾಗ, "ಇಳಿದು ಮಲಿಕ್ಕಳ್ರಿ ಗೌಡ್ರೆ, ಅಳತೆ ನೋಡಾಣ" ಎಂದವಳು ಅವಳು. ಆಮೇಲೆ ಹುಟ್ಟಿದ ಉಷಾರಾಣಿಯನ್ನು ಓದಿಸಿ ಹೊಳಲ್ಕೆರೆಗೆ ಮದುವೆ ಮಾಡಿ ಕೊಟ್ಟಳು. ಒಂದು ಎಕರೆ ತೋಟ ಮಾಡಿಕೊಂಡಳು. ಗಂಡ ತೀರಿಕೊಂಡ ಮೇಲೂ ಅವಳ ದನಿ ಒಂದು ಎಳೆಯೂ ಇಳಿಯಲಿಲ್ಲ.

ಅಂಥ ಬೋರಕ್ಕ ಆ ದಿನ ಹೊಳೆಯ ಕೆಸರಿನಲ್ಲಿ ಕುಳಿತು ದನಿಯೇ ಇಲ್ಲದೆ ಅತ್ತಳು. ಎರಡೂ ಕೈಯಿಂದ ಹಸಿ ಮಣ್ಣನ್ನು ಗೀರಿ ಗೀರಿ ಮಡಕೆಯನ್ನು ಬಿಡಿಸಿಕೊಂಡಳು. ಮುಚ್ಚಿದ್ದ ಸಣ್ಣ ಮಡಕೆ ಒಡೆದು ಚೂರಾಯಿತು. ಒಳಗೆ ಮಣ್ಣು ತುಂಬಿತ್ತು. ಮಣ್ಣಿನೊಳಗೆ ಬೆರಳಿಗೆ ಸಿಕ್ಕಿದ್ದು ಎಳೆ ಮೂಳೆಗಳು, ಮತ್ತೆ ಒಂದೇ ಒಂದು ಕರಿಮಣಿ. ದೃಷ್ಟಿ ಆಗದಿರಲಿ ಎಂದು ನಿಂಗಿಯ ಕೈಗೆ ಅವಳೇ ಕರಿಮಣಿ ಕಟ್ಟಿದ್ದಳು. ಇನ್ನೇನು ಸಾಕ್ಷಿ ಬೇಕು? ಸೆರಗಿನಲ್ಲಿ ಮಡಕೆ ಸುತ್ತಿ, ಎದೆಗೆ ಒತ್ತಿಕೊಂಡು, ಎಮ್ಮೆಯನ್ನು ಅದರ ಪಾಡಿಗೆ ಬಿಟ್ಟು ಮನೆಗೆ ಬಂದಳು.

ಮರುದಿನ ತೋಟದ ಮೂಲೆಯಲ್ಲಿ ಅವಳೇ ಗುಣಿ ತೆಗೆದಳು. ಯಾರ ಕೈಗೂ ಹಾರೆ ಕೊಡಲಿಲ್ಲ. ಉಷಾರಾಣಿ ಬಸ್ಸು ಹತ್ತಿ ಓಡಿ ಬಂದಳು. ಕಾಟಯ್ಯನೂ ಬಂದು ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದು ನಿಂತ. ಹಾಲು ತುಪ್ಪ ಬಿಟ್ಟರು, ಮೇಲೆ ಒಂದು ಕಲ್ಲು ನೆಟ್ಟರು. ಆವತ್ತು ಬೋರಕ್ಕ ಗಂಡನನ್ನೂ ಕ್ಷಮಿಸಿದಳು. ಮಡಕೆ ಸಿಕ್ಕಿದ್ದು ದಡದ ಮೇಲಿನಿಂದ ಒಂದಾಳಿಗಿಂತ ಕೆಳಗೆ. ನಾಯಿ ನರಿ ಮುಟ್ಟಬಾರದೆಂದು ಪುಣ್ಯಾತ್ಮ ಅಷ್ಟು ಆಳ ತೋಡಿದ್ದಾನಲ್ಲ ಎಂದು ಅವಳಿಗೆ ಹೊಟ್ಟೆ ತಣ್ಣಗಾಯಿತು. ಒಂದಾಳಿಗಿಂತ ಆಳವನ್ನು ಇಬ್ಬರು ಗಂಡಸರು ಒಂದು ಮಧ್ಯಾಹ್ನದಲ್ಲಿ ತೋಡುವುದು ಹೇಗೆಂದು, ಹೇಳಿಕೇಳಿ ಗುಣಿ ತೆಗೆಯುವವಳು, ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಅಂದಿನಿಂದ ದಿನಾ ಸಂಜೆ ಆ ಕಲ್ಲಿನ ಪಕ್ಕ ಕುಳಿತು ಮಾತಾಡುವುದು ಅವಳಿಗೆ ರೂಢಿಯಾಯಿತು. ಹೇಳಲು ನಲವತ್ತು ವರ್ಷದ ಮಾತಿತ್ತು. ತಂಗಿ ಹುಟ್ಟಿದ್ದು, ಅಪ್ಪ ಹಾಸಿಗೆ ಹಿಡಿದದ್ದು, ಯಾರದೋ ತೋಟದಲ್ಲಿ ಹಾವು ಕಡಿಯದೆ ಉಳಿದದ್ದು, ಎಲ್ಲವನ್ನೂ ಹೇಳಿದಳು. ಜ್ವರದ ಮೊದಲ ದಿನ ಕೂಸನ್ನು ಹಿರಿಯೂರಿನ ಆಸ್ಪತ್ರೆಗೆ ಒಯ್ಯದೆ ಭರಮಸಾಗರದ ಕಡೆಯ ನಾಟಿ ವೈದ್ಯರು ಕೊಟ್ಟ ಬೇರು ತೇದು ಕುಡಿಸಿದ್ದನ್ನು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು, ಆ ಕಲ್ಲಿಗೆ ಹೇಳಿದಳು. ಹೇಳಿದ ಮೇಲೆ ನಿದ್ದೆ ಬರತೊಡಗಿತು.

ಮುಂದಿನ ಬೇಸಿಗೆಯಲ್ಲಿ ಸುಷ್ಮಿತಾ ಬಂದಳು. ಸಿರಿಗೆರೆಯಲ್ಲಿ ಓದಿದ ಹುಡುಗಿ. ಈಗ ಯಾವುದೋ ವಿಶ್ವವಿದ್ಯಾಲಯದಲ್ಲಿ ಹೊಳೆಗಳು ತಂದುಹಾಕಿದ ಮಣ್ಣಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ನೆರೆ ಕಡಿದ ದಡ ಎಂದರೆ ಅವರಿಗೆ ಹಬ್ಬವಂತೆ. ಟೋಪಿ ಹಾಕಿಕೊಂಡು, ಏಣಿ ಇಟ್ಟುಕೊಂಡು, ಕರಣೆ ಹಿಡಿದು ದಡದ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನಯವಾಗಿ ಕೆರೆಯುತ್ತಿದ್ದವಳನ್ನು ಊರಿನವರು ಮೇಲೆ ಸಾಲಾಗಿ ನಿಂತು ನೋಡಿದರು. ಬೋರಕ್ಕ ಮಾತ್ರ ಕೆಳಗಿಳಿದು ಮಜ್ಜಿಗೆ ಕೊಟ್ಟಳು.

"ಏನ್ ತಾಯಿ, ಗೋಡೆಗೆ ಸುಣ್ಣ ಹೊಡಿಯಾಕೆ ಬಂದಿದೀಯೇನು?"

ಸುಷ್ಮಿತಾ ನಕ್ಕಳು. "ಸುಣ್ಣ ಅಲ್ಲಜ್ಜಿ. ಈ ಮಣ್ಣು ಯಾವಾಗ ಬಂದು ಬಿತ್ತು ಅಂತ ನೋಡಾಕೆ. ತಳದಾಗೆ ಬಿಳೀ ಸುಣ್ಣದ ಗಂಟು ಇರೋ ಮಣ್ಣು ಐತಲ್ಲ, ಅದು ಹಿಮಯುಗದ ಕಾಲದ್ದು. ಉತ್ತರದ ಕಡೆ ಎಲ್ಲಾ ಹಿಮ. ನಮ್ ಕಡೆ ಹಿಮ ಇಲ್ಲ, ಆದ್ರೆ ಮಳೆನೂ ಕಮ್ಮಿ. ಅದು ಮುಗಿದ್ಮೇಲೆ ಮಳೆ ಜೋರಾತು. ಅಲ್ಲಿಂದ ಹಿಡಿದು ಇಲ್ಲೀತನಕ, ಹತ್ತು ಸಾವಿರ ವರ್ಷಕ್ಕೂ ಜಾಸ್ತಿ, ಹೊಳೆ ತಂದು ತಂದು ಹಾಕಿದ್ದೇ ಈ ದಡ."

"ಹತ್ತು ಸಾವಿರ ವರ್ಷನಾ? ಅಷ್ಟೊತ್ತಿಗೆ ನಮ್ಮತ್ತೆ ಹುಟ್ಟಿದ್ಲೋ ಇಲ್ಲವೋ" ಎಂದಳು ಬೋರಕ್ಕ. ಮೇಲೆ ನಿಂತವರೆಲ್ಲ ನಕ್ಕರು.

ಮಜ್ಜಿಗೆಯ ಲೋಟ ಹಿಂತಿರುಗಿಸುವಾಗ ಸುಷ್ಮಿತಾಳ ಕಣ್ಣು ಬೋರಕ್ಕನ ಕೊರಳ ದಾರದ ಮೇಲೆ ನಿಂತಿತು. ದಾರದಲ್ಲಿ ಮಡಕೆಯೊಳಗೆ ಸಿಕ್ಕ ಆ ಕರಿಮಣಿ ಇತ್ತು. ಅವಳು ಕೇಳಿ, ಕೈಗೆ ತೆಗೆದುಕೊಂಡು, ಕನ್ನಡಕ ಮೇಲೆತ್ತಿ ಬಿಸಿಲಿಗೆ ಹಿಡಿದು ನೋಡಿದಳು.

"ಇದು ಗಾಜಲ್ಲ ಅಜ್ಜಿ, ಕಲ್ಲು. ಕೈಯಾಗೆ ಕೊರೆದಿರೋ ತೂತು. ಎಲ್ಲಿ ಸಿಕ್ತು?"

ಬೋರಕ್ಕ ಹೆಮ್ಮೆಯಿಂದಲೇ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಹುಡುಗಿಯ ಮುಖ ಬದಲಾಗುವುದನ್ನು ಕಂಡಳು, ಯಾಕೆಂದು ತಿಳಿಯಲಿಲ್ಲ. "ಮಡಕೆ ಇದ್ದ ಜಾಗ ತೋರಿಸ್ತೀರಾ?" ಎಂದು ಸುಷ್ಮಿತಾ ಮೆಲ್ಲಗೆ ಕೇಳಿದಳು. ಅದೇನು ಮಹಾ ಎಂದು ಬೋರಕ್ಕ ಮುಂದೆ ಹೊರಟಳು. ಹತ್ತು ಹೆಜ್ಜೆ ಆಚೆ, ಮಳೆಯಲ್ಲಿ ಸ್ವಲ್ಪ ಕುಸಿದಿದ್ದರೂ, ಅವಳ ಕೈ ಗೀರಿದ ಗೂಡು ಹಾಗೇ ಇತ್ತು.

ಸುಷ್ಮಿತಾ ಏಣಿ ತಂದು ಇಟ್ಟಳು. ಗೂಡಿನ ಎರಡೂ ಕಡೆ, ಅದರ ಮೇಲೆ, ದಡದ ತುದಿಯವರೆಗೆ ಗೋಡೆಯನ್ನು ಕರಣೆಯಿಂದ ಕೆರೆದಳು. ನೆರೆಯ ದಿನ ಒಂದೇ ಬಣ್ಣದ ಕೆಸರು ಬಳಿದುಕೊಂಡಿದ್ದ ಗೋಡೆ ಈಗ ಪದರ ಪದರವಾಗಿ ಬಿಚ್ಚಿಕೊಂಡಿತು. ತಳದಲ್ಲಿ ಬಿಳಿ ಗಂಟಿನ ಮಣ್ಣು, ಅದರ ಮೇಲೆ ಗರಸು, ಅದರ ಮೇಲೆ ಕರಿ ಮಣ್ಣು. ಕರಿ ಮಣ್ಣಿನ ಮೇಲೆ ಹಳದಿ ಮೆಕ್ಕಲು, ಒಂದು ಪಟ್ಟಿ ಮರಳು, ಮತ್ತೆ ಮೆಕ್ಕಲು, ತುದಿಯಲ್ಲಿ ಕೆಂಪು ಮರಳು. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೀರೆಗಳ ಅಂಚಿನ ಹಾಗೆ ಒಂದರ ಮೇಲೊಂದು ಸಾಲಾಗಿ ಕಂಡವು. ಏಣಿಯಿಂದ ಇಳಿದ ಹುಡುಗಿ "ಅಜ್ಜಿ" ಎಂದು ಬಾಯಿ ತೆರೆದಳು.

ಬೋರಕ್ಕ ಕೈ ಎತ್ತಿ ತಡೆದಳು. ಅವಳಿಗೆ ಹೇಳಿಸಿಕೊಳ್ಳುವ ಅಗತ್ಯವಿರಲಿಲ್ಲ. ತೆಗೆದ ಗುಣಿಯನ್ನು ಅದೇ ಮಣ್ಣಿನಿಂದ ಮುಚ್ಚಿ ನೂರು ಸಲ ತುಳಿದರೂ ಅದು ಮೊದಲಿನ ಮಣ್ಣಾಗುವುದಿಲ್ಲ. ಬಣ್ಣ ಕಲಸಿ ಹೋಗುತ್ತದೆ, ಅಂಚು ಉಳಿದೇ ಉಳಿಯುತ್ತದೆ. ಅದು ಗುಣಿ ತೆಗೆಯುವ ಯಾರಿಗಾದರೂ ಗೊತ್ತು. ಮಡಕೆಯ ಗೂಡಿನ ಸುತ್ತ ಗುಣಿಯ ಅಂಚು ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಆದರೆ ಆ ಅಂಚು ಕರಿ ಮಣ್ಣಿನ ತಲೆಯ ಹತ್ತಿರ ಮುಗಿದುಹೋಗಿತ್ತು. ಅದರ ಮೇಲಿನ ಹಳದಿ ಮೆಕ್ಕಲು ಈ ಕಡೆಯಿಂದ ಆ ಕಡೆಗೆ ಒಂದೇ ಗೆರೆ. ಮರಳಿನ ಪಟ್ಟಿ ಒಂದೇ ಗೆರೆ. ಅದರ ಮೇಲಿನದೂ ಒಂದೇ ಗೆರೆ. ಮೇಲಿನಿಂದ ಯಾರೂ ಹಾರೆ ಹಾಕಿರಲಿಲ್ಲ. ಯಾರೋ ಗುಣಿ ತೆಗೆದಾಗ ಈ ಮೇಲಿನ ಮಣ್ಣು ಇನ್ನೂ ಬಂದೇ ಇರಲಿಲ್ಲ.

ಬೋರಕ್ಕ ಗೋಡೆಗೆ ಅಂಗೈ ಊರಿದಳು. ತಣ್ಣಗಿತ್ತು.

"ಎಷ್ಟು ವರ್ಷ ಆಗಿರಬೋದು?" ಎಂದಳು.

"ಪರೀಕ್ಷೆ ಮಾಡ್ದೆ ಖಾತ್ರಿಯಾಗಿ ಹೇಳಾಕೆ ಬರಲ್ಲಜ್ಜಿ. ಮೂರು ಸಾವಿರ ವರ್ಷದ ಹತ್ರ ಇರಬೋದು. ಆಗಿನ ಜನನೂ ಎಳೇ ಮಕ್ಕಳನ್ನ ಮಡಕೆಯಾಗೆ ಇಟ್ಟು ಹೂಳ್ತಿದ್ರು."

ಬೋರಕ್ಕ ತಲೆ ಎತ್ತಿ ದಡದ ಮೇಲೆ ನೋಡಿದಳು. ನಿಂತವರ ಸಾಲಿನಲ್ಲಿ ಕಾಟಯ್ಯನಿದ್ದ. ಇವಳ ಕಣ್ಣಿಗೆ ಕಣ್ಣು ಸೇರಿದ್ದೇ ಅವನು ಮುಖ ತಿರುಗಿಸಿದ. ಅಷ್ಟು ಸಾಕಾಯಿತು.

"ಲೇ ಕಾಟ, ಇಳಿಯೋ ಕೆಳಕ್ಕೆ!"

ಅರವತ್ತು ದಾಟಿದ ಕಾಟಯ್ಯ ಇಳಿದು ಬಂದು ಅತ್ತಿಗೆಯ ಮುಂದೆ ತಲೆ ಬಗ್ಗಿಸಿ ನಿಂತ.

"ಎಷ್ಟು ಆಳ ತೋಡಿದ್ರಿ?"

ಬೋರಕ್ಕ ಒಂದು ಮಣ್ಣಿನ ಹೆಂಟೆ ತೆಗೆದು ಅವನ ಎದೆಗೆ ಎಸೆದಳು. ಅವನು ತಪ್ಪಿಸಿಕೊಳ್ಳಲಿಲ್ಲ.

"ಮೊಣಕಾಲುದ್ದ" ಎಂದ ಕಾಟಯ್ಯ. "ಅಷ್ಟೇ ಆಗಿದ್ದು ಅತ್ತಿಗೆ. ಅಣ್ಣನ ಕೈಯಾಗೆ ಹಾರೆ ನಿಲ್ಲಲಿಲ್ಲ. ನಾನು ತೋಡ್ತೀನಿ ಕೊಡು ಅಂದ್ರೆ ಕೊಡ್ಲಿಲ್ಲ. ಕುಂತು ಅಳಾಕೆ ಹತ್ತಿದ. ಹಂಗೇ ಇಟ್ಟು, ಮೇಲೆ ಕಲ್ಲು ಪೇರಿಸಿ ಬಂದ್ವಿ. ಅದಕ್ಕೇ ಅಣ್ಣ ನಿಂಗೆ ಜಾಗ ತೋರಿಸ್ಲಿಲ್ಲ. ನೀನು ನೋಡಿದ್ರೆ ಇಷ್ಟೇನಾ ತೋಡಿದ್ದು ಅಂತೀಯ ಅಂತ ಹೆದರಿದ."

"ಹಂಗಾದ್ರೆ ಈ ಮಡಕೆ ಸಿಕ್ಕಾಗ ಯಾಕೋ ಬಾಯಿ ಬಿಡ್ಲಿಲ್ಲ?"

"ಬಿಡಾಕೆ ಅಂತಲೇ ಬಂದೆ. ನೀನು ಮಡಕೇನ ಎದೆಗೆ ಒತ್ಕಂಡು ಕುಂತಿದ್ದೆ. ನಿನ್ ಮುಖ ನೋಡಿದ್ಮೇಲೆ ಬಾಯಿ ಬರ್ಲಿಲ್ಲ."

ಬೋರಕ್ಕ ಇನ್ನೊಂದೇ ಮಾತು ಕೇಳಿದಳು. "ಮರದ ಯಾವ ಮಗ್ಗುಲು?"

ಕಾಟಯ್ಯ ಹೊಳೆಯ ಕಡೆ ತಿರುಗಿ ಕೈ ಎತ್ತಿದ. ಅವನ ಬೆರಳು ದಡದತ್ತ ಇರಲಿಲ್ಲ. ಹರಿಯುವ ನೀರಿನ ಮೇಲೆ, ಎರಡಾಳೆತ್ತರದಲ್ಲಿ, ಏನೂ ಇಲ್ಲದ ಜಾಗವೊಂದನ್ನು ತೋರಿಸುತ್ತಿತ್ತು. ಒಂದು ಕಾಲಕ್ಕೆ ಅಲ್ಲಿ ನೆಲವಿತ್ತು, ನೆಲದ ಮೇಲೆ ಮರವಿತ್ತು, ಮರದ ಬುಡದಲ್ಲಿ ಅವಳ ಮಗಳಿದ್ದಳು. ನಲವತ್ತು ವರ್ಷ ನೋಡಬೇಕೆಂದು ಹಂಬಲಿಸಿದ ಜಾಗವನ್ನು ಬೋರಕ್ಕ ಕೊನೆಗೂ ನೋಡಿದಳು. ಅಲ್ಲಿ ಬಿಸಿಲು ಬಿದ್ದಿತ್ತು, ಗಾಳಿ ಬೀಸುತ್ತಿತ್ತು.

"ಹಂಗಾರೆ ನಾನು ಇಷ್ಟು ದಿನ ಎಲ್ಲಾನೂ ಯಾರ ಮಗೀಗೆ ಹೇಳಿದ್ನೋ!" ಎಂದು ಚೀರಿದವಳು, ಚೀರಿದ ದನಿಗೆ ತಾನೇ ಬೆಚ್ಚಿಬಿದ್ದಳು. ಸುಷ್ಮಿತಾ ಹಿಡಿದುಕೊಳ್ಳದಿದ್ದರೆ ನೀರಿಗೆ ಬೀಳುತ್ತಿದ್ದಳು.

ಅವತ್ತು ಸಂಜೆ ಅವಳು ಕಲ್ಲಿನ ಬಳಿ ಹೋಗಲಿಲ್ಲ. ಹಿತ್ತಿಲ ಬಾಗಿಲಲ್ಲಿ ಕುಳಿತು ದೂರದಿಂದಲೇ ನೋಡಿದಳು. ಮೋಸ ಹೋದೆ ಎಂದು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಗಂಡನ ಮೇಲೆ ಸಿಟ್ಟು ಮಾಡೋಣವೆಂದರೆ, ಊರೆಲ್ಲ ತೋಟಕ್ಕೆ ಗುಣಿ ತೆಗೆದವನು ತನ್ನ ಕೂಸಿಗೆ ಮೊಣಕಾಲುದ್ದ ತೋಡಲಾರದೆ ಅತ್ತದ್ದು ಕಣ್ಣಿಗೆ ಕಟ್ಟುತ್ತಿತ್ತು. ಆ ಇನ್ನೊಂದು ಕೂಸಿನ ಮೇಲೆ ಸಿಟ್ಟು ಮಾಡುವಂತಿರಲಿಲ್ಲ. ಕೊರಳ ದಾರದಿಂದ ಮಣಿಯನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಳು. ಕಲ್ಲನ್ನು ಕೊರೆದು ಮಣಿ ಮಾಡಬೇಕಾದರೆ ಎಷ್ಟು ಹೊತ್ತು ಹಿಡಿದಿರಬೇಕು! ಆ ಕೂಸಿನ ತಾಯಿಯೂ ದೃಷ್ಟಿಗೆಂದೇ ಕಟ್ಟಿದ್ದಳೋ ಏನೋ. ಅವಳನ್ನೂ ಗಂಡಸರು ಮನೆಯಲ್ಲೇ ಬಿಟ್ಟು ಹೋಗಿದ್ದರೋ ಏನೋ. ಉಷಾರಾಣಿಗೆ ಫೋನು ಮಾಡಿ ಹೇಳಬೇಕೆಂದುಕೊಂಡಳು, ಮಾಡಲಿಲ್ಲ.

ಎರಡು ದಿನ ಬಿಟ್ಟು ಸುಷ್ಮಿತಾ ಜೀಪಿನಲ್ಲಿ ಬಂದಳು. ಜೊತೆಗೆ ಪುರಾತತ್ವ ಇಲಾಖೆಯ ಒಬ್ಬ ಅಧಿಕಾರಿ ಇದ್ದ. ಮರ್ಯಾದಸ್ಥ. ಚಪ್ಪಲಿಯನ್ನು ಹೊರಗೆ ಬಿಟ್ಟು, ಚಾಪೆಯ ಮೇಲೆ ಕುಳಿತು, ತಗ್ಗಿದ ದನಿಯಲ್ಲೇ ಮಾತಾಡಿದ. ಮಡಕೆಯನ್ನೂ ಮೂಳೆಗಳನ್ನೂ ತೋಟದಿಂದ ತೆಗೆಸಿಕೊಡಬೇಕು, ಇಂಥದ್ದು ಈ ಕಣಿವೆಯಲ್ಲಿ ಸಿಗುವುದು ಅಪರೂಪ, ಜೋಪಾನವಾಗಿ ಇಡುತ್ತೇವೆ ಎಂದ. ಗಾಜಿನ ಪೆಟ್ಟಿಗೆಯ ಮಾತೂ ಬಂತು. ಬೋರಕ್ಕ ಮಣಿಯನ್ನು ತಂದು ಅವನ ಮುಂದಿಟ್ಟಳು. "ಇದು ನಾನು ಕದ್ದಂಗೆ ಆಗೈತೆ, ತಗಳ್ರಿ" ಎಂದಳು. ಅಧಿಕಾರಿಗೆ ಹಗುರವಾಯಿತು. ಮಡಕೆ ತೆಗೆಯಲು ಇಬ್ಬರು ಆಳುಗಳನ್ನು ಕರೆಸಲೇ ಎಂದು ಕೇಳಿದ.

"ಅದು ಆಗಲ್ಲ" ಎಂದಳು ಬೋರಕ್ಕ.

ಅಧಿಕಾರಿ ಸುಷ್ಮಿತಾಳ ಮುಖ ನೋಡಿದ. ಸುಷ್ಮಿತಾ ಹತ್ತಿರ ಸರಿದು ಬೋರಕ್ಕನ ಮೊಣಕಾಲಿನ ಮೇಲೆ ಕೈ ಇಟ್ಟಳು. "ಅಜ್ಜಿ, ನಿಮ್ ಸಂಕಟ ನಂಗೆ ಅರ್ಥ ಆಗುತ್ತೆ. ಆದ್ರೆ ಅದು ನಿಮ್ ಮಗು ಅಲ್ಲ. ನೀವೇ ಕಣ್ಣಾರೆ ನೋಡಿದ್ರಲ್ಲ."

"ನೋಡಿದೆ ಕಣವ್ವ. ಅದಕ್ಕೇ ಅನ್ನೋದು." ಬೋರಕ್ಕನ ಕಣ್ಣಲ್ಲಿ ನೀರಿರಲಿಲ್ಲ. ಎರಡು ದಿನದ ಹಿಂದೆ ಹೊಳೆಯ ಮೇಲಿನ ಬಯಲನ್ನು ನೋಡಿದಾಗ ಅಗಲವಾದ ಕಣ್ಣು ಇನ್ನೂ ಹಾಗೆಯೇ ಇತ್ತು. "ಅದು ನನ್ ಮಗಳಾಗಿದ್ರೆ ತಗಂಡೋಗ್ರಿ ಅಂತ ಎತ್ತಿ ಕೊಡ್ತಿದ್ದೆ. ನಂದು ಹೊಳೆ ಪಾಲಾತು. ಇದು ಬೇರೆಯವಳ ಕೂಸು. ಅವಳನ್ನ ಕೇಳ್ದೆ ನಾನು ಹೆಂಗೆ ಕೊಡ್ಲಿ?"